ಗಂಜಾಮಿನ ಹೊಳೆ ಮತ್ತು ಅದರ ಕಾಣದ ಜೀವಿಗಳು

ಶ್ರೀರಂಗಪಟ್ಟಣ ದ್ವೀಪದ ಪೂರ್ವಭಾಗದಲ್ಲಿರುವ ಗಂಜಾಂ ಟಿಪ್ಪು ಸುಲ್ತಾನನ ಕಾಲದಲ್ಲಿ ಪೇಟೆಯಾಗಿ ಬೆಳೆದ ಊರಾಗಿದ್ದು, ಅಲ್ಲಿ ದುಡಿಯುವ ಜನರನ್ನು ನೆಲೆಗೊಳಿಸಲು ಶಿರಾದಿಂದ 12,000 ಕುಟುಂಬಗಳನ್ನು ಸಾಗಿಸಿ ತರಲಾಯಿತೆಂದು ಬ್ರಿಟಿಷರ ಕಾಲದ ಗ್ಯಾಸೆಟಿಯರುಗಳು ಹೇಳುತ್ತವೆ. ಅಂದಿನ ಪೇಟೆಗಳಿಂದ ಕಾವೇರಿ ಹೊಳೆಗೆ ಸೇರುತ್ತಿದ್ದುದು ಬಹುಮಟ್ಟಿಗೆ ಬಚ್ಚಲ ನೀರು, ಸಗಣಿ, ಸೊಪ್ಪುಸದೆಗಳಂಥ ಕೊಳೆಯುವ ಪದಾರ್ಥಗಳೇ ಆಗಿದ್ದು, ಅವನ್ನು ಅರಗಿಸಿಕೊಳ್ಳುವ ಸೂಕ್ಷ್ಮಜೀವಿಗಳು ಹೊಳೆಯಲ್ಲೇ ಇದ್ದವು. ನಿಮಿಷಾಂಬ ದೇವಾಲಯದ ಬಳಿ, ನೀರಿನಂಚಿನ ಮೆಟ್ಟಿಲ ಮೇಲೆ ಕಾಲಿಟ್ಟರೆ ಜಾರುವ ಹಸಿರು ಲೋಳೆ ಅವುಗಳ ವಸತಿ: ಪಾಚಿ, ಬ್ಯಾಕ್ಟೀರಿಯಾ, ಶಿಲೀಂಧ್ರಗಳು ತಾವೇ ಸ್ರವಿಸಿದ ಅಂಟಿನಲ್ಲಿ ಒತ್ತೊತ್ತಾಗಿ ಬಾಳುವ ಈ ಪದರಕ್ಕೆ ಜೈವಿಕ ಪೊರೆ ಎನ್ನುತ್ತಾರೆ; ಪಾಚಿ ಹಗಲಿನಲ್ಲಿ ಆಮ್ಲಜನಕ ಕೊಡುತ್ತದೆ, ಬ್ಯಾಕ್ಟೀರಿಯಾ ಅದನ್ನು ಬಳಸಿ ಕೊಳೆಯನ್ನು ಒಡೆಯುತ್ತದೆ.

ಚರಿತ್ರೆ ಬರೆದವರು ಗಮನಿಸಿದ್ದು ಕಾಯಿಲೆಯನ್ನು ಮಾತ್ರ. 1799ರಲ್ಲಿ ಟಿಪ್ಪು ಮಡಿದ ನಂತರ ದ್ವೀಪದಲ್ಲಿ ಬೀಡುಬಿಟ್ಟ ಬ್ರಿಟಿಷ್ ದಂಡು ಜ್ವರದ ಕಾಟದಿಂದ ಬೆಂಗಳೂರಿಗೆ ಹೋದದ್ದು ದಾಖಲಾಯಿತು, ಹೊಳೆಯನ್ನು ತೊಳೆಯುತ್ತಿದ್ದ ಜೀವಿಗಳ ದುಡಿಮೆ ದಾಖಲಾಗಲಿಲ್ಲ. ಇದು ದೊಡ್ಡ ಕೊರತೆಯೇ ಸರಿ.

ಆ ಜೀವಿಗಳಿಗೆ ಇಂದು ಬೇರೆ ಬಗೆಯ ಕೊಳೆ ಎದುರಾಗಿದೆ: ಈಚಿನ ದಶಕಗಳಲ್ಲಿ ನೀರಿಗೆ ಸೇರುತ್ತಿರುವ ಔಷಧದ ಉಳಿಕೆ, ಸೋಪು-ಶಾಂಪೂಗಳ ರಾಸಾಯನಿಕ, ಸೂಕ್ಷ್ಮ ಪ್ಲಾಸ್ಟಿಕ್ ಮುಂತಾದವನ್ನು ಉದಯೋನ್ಮುಖ ಮಾಲಿನ್ಯಕಾರಕಗಳೆಂದು ಕರೆಯಲಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಗಂಜಾಮಿಗೆ ಮೇಲ್ಭಾಗದಲ್ಲಿರುವ ಕನ್ನಂಬಾಡಿ ಕಟ್ಟೆಯ ಬಳಿ ಮೂರು ಕಡೆ ನೀರು ಸಂಗ್ರಹಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಿಧಾನವಾಗಿ ಹರಿಯುವ ಮತ್ತು ನಿಂತ ನೀರಿನಲ್ಲಿ ಮಾಲಿನ್ಯವನ್ನು ಸೂಚಿಸುವ ಜೀವಿಗಳೂ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳೂ ಇದ್ದವು. ಸೂಕ್ಷ್ಮಜೀವಿಗಳನ್ನು ಸೋಸಿ ತೆಗೆದ ಮೇಲೂ ಆ ನೀರಿನಲ್ಲಿ ಬೆಳೆದ ಜೀಬ್ರಾಮೀನಿನ ಭ್ರೂಣಗಳಲ್ಲಿ ವಿಕಾರಗಳು ಕಂಡವು. ಅದೇ ವರ್ಷ ಮದ್ರಾಸ್ ಐಐಟಿಯ ತಂಡ ಕಾವೇರಿಯಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್, ಸಿಪ್ರೊಫ್ಲಾಕ್ಸಸಿನ್ ಮೊದಲಾದ ಔಷಧಗಳಿರುವುದನ್ನು ವರದಿ ಮಾಡಿತು.

ಇವುಗಳಲ್ಲಿ ಸಿಪ್ರೊಫ್ಲಾಕ್ಸಸಿನ್ ಬ್ಯಾಕ್ಟೀರಿಯಾ ಕೊಲ್ಲಲೆಂದೇ ತಯಾರಾದ ಔಷಧವಾದ್ದರಿಂದ, ಅದು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಅದನ್ನು ತಡೆದುಕೊಳ್ಳಬಲ್ಲ ತಳಿಗಳೇ ಹೆಚ್ಚಿ, ಆ ನಿರೋಧಕ ಗುಣದ ಜೀನುಗಳು ಒಂದೇ ಪೊರೆಯಲ್ಲಿ ಒತ್ತಾಗಿರುವ ನೆರೆಯ ಜೀವಿಗಳಿಗೂ ದಾಟಬಲ್ಲವು. ಬ್ಯಾಕ್ಟೀರಿಯಾಕ್ಕೆ ಸಂಬಂಧವೇ ಇಲ್ಲದ ಔಷಧವೂ ನಿರಪಾಯವಲ್ಲ. ಅಲರ್ಜಿಗೆ ಕೊಡುವ ಡೈಫೆನ್‌ಹೈಡ್ರಮೀನ್ ತೊರೆಗಳ ಜೈವಿಕ ಪೊರೆಯ ಉಸಿರಾಟವನ್ನೂ ದ್ಯುತಿಸಂಶ್ಲೇಷಣೆಯನ್ನೂ ಕುಗ್ಗಿಸುವುದನ್ನು ಅಮೆರಿಕದಲ್ಲಿ 2013ರಲ್ಲಿ ತೋರಿಸಲಾಗಿದೆ.

ನಮ್ಮಲ್ಲಿ ನದಿಯ ದರ್ಜೆಯನ್ನು ನಿರ್ಧರಿಸಲು ಮುಖ್ಯವಾಗಿ ನೋಡುವುದು ಕರಗಿದ ಆಮ್ಲಜನಕ, ಜೈವಿಕ ಆಮ್ಲಜನಕ ಬೇಡಿಕೆ ಮತ್ತು ಕೋಲಿಫಾರ್ಮ್ ಬ್ಯಾಕ್ಟೀರಿಯಾದ ಎಣಿಕೆಯನ್ನು. ಔಷಧದ ಉಳಿಕೆಯೂ ಕಲ್ಲಿನ ಮೇಲಿನ ಪೊರೆಯ ಆರೋಗ್ಯವೂ ಈ ಪರೀಕ್ಷೆಯೊಳಗೆ ಬರಬೇಕು. ನಾಗಮಂಗಲ, ಪಾಂಡವಪುರಗಳ ಕಡೆಯಿಂದ ಬಂದು ಗಂಜಾಮಿಗೆ ಸಮೀಪದ ಕರಿಘಟ್ಟದ ಬಳಿ ಕಾವೇರಿಯನ್ನು ಸೇರುವ ಲೋಕಪಾವನಿಯಿಂದಲೇ ಆ ಕೆಲಸ ಆರಂಭವಾಗಲಿ.