ಪಿಟೀಲಿನ ಎರಡು ರಂಧ್ರಗಳು ಮತ್ತು ಕನ್ನಡಿಯ ಲೆಕ್ಕ

ಪಿಟೀಲನ್ನು ಹತ್ತಿರದಿಂದ ನೋಡಿದ್ದೀರಾ? ತಂತಿಗಳನ್ನು ಹೊತ್ತ ಕುದುರೆಯ ಎಡಬಲಗಳಲ್ಲಿ ಎರಡು ಸೀಳುಗಂಡಿಗಳಿವೆ. ಇಂಗ್ಲಿಷಿನ ‘ಎಫ್’ ಅಕ್ಷರವನ್ನು ಓರೆಯಾಗಿ ಬರೆದಂತೆ ಕಾಣುವುದರಿಂದ ಅವಕ್ಕೆ ಎಫ್-ರಂಧ್ರಗಳೆಂದೇ ಹೆಸರು. ಒಂದು ಇನ್ನೊಂದರ ಕನ್ನಡಿಬಿಂಬ. ಗಣಿತದ ತರಗತಿಯಲ್ಲಿ ನೀವು ಓದುವ ಸಮಮಿತಿಯೇ ಇಲ್ಲಿ ಮರದಲ್ಲಿ ಮೂಡಿದೆ.

ಇಟಲಿಯ ಕ್ರೆಮೋನಾ ಪಟ್ಟಣದಲ್ಲಿ ಪಿಟೀಲು ಮಾಡುತ್ತಿದ್ದ ಆಂಟೋನಿಯೊ ಸ್ಟ್ರಾಡಿವರಿ 1737ರಲ್ಲಿ ತೀರಿಕೊಂಡ. ಆತ ಬಳಸಿದ ಅಚ್ಚುಗಳೂ ಕಾಗದದ ನಕ್ಷೆಗಳೂ ಇಂದಿಗೂ ಅದೇ ಊರಿನ ಪಿಟೀಲು ವಸ್ತುಸಂಗ್ರಹಾಲಯದಲ್ಲಿವೆ. ಒಂದು ರಂಧ್ರದ ಪಡಿಯಚ್ಚನ್ನು ಇಟ್ಟು ಗುರುತು ಹಾಕುವುದು, ಅದನ್ನೇ ಮಗುಚಿ ಇನ್ನೊಂದು ಬದಿ ಗುರುತು ಹಾಕುವುದು, ಆಮೇಲೆ ಸಣ್ಣ ಚೂರಿಯಿಂದ ಕತ್ತರಿಸುವುದು: ಇದು ಈ ಕಸುಬಿನ ರೂಢಿ. ಅಚ್ಚು ಒಂದೇ ಆದರೂ ಚೂರಿ ಹಿಡಿದ ಕೈ ಎರಡೂ ಬದಿಯಲ್ಲಿ ಒಂದೇ ರೀತಿ ಓಡುವುದಿಲ್ಲ. ಅದೇ ಊರಿನ ಗ್ವಾರ್ನೇರಿ ‘ಡೆಲ್ ಜೆಸು’ ತನ್ನ ಕೊನೆಯ ವರ್ಷಗಳಲ್ಲಿ ಮಾಡಿದ ವಾದ್ಯಗಳಲ್ಲಂತೂ ಎಡಬಲದ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಆ ಪಿಟೀಲುಗಳನ್ನು ಯಾರೂ ಕೀಳಾಗಿ ಕಂಡಿಲ್ಲ!

ಈ ಕೈತಪ್ಪುಗಳ ಬಗ್ಗೆ 2015ರಲ್ಲಿ ಒಂದು ಸ್ವಾರಸ್ಯಕರ ಸಂಶೋಧನೆ ಪ್ರಕಟವಾಯಿತು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಕ್ರೆಮೋನಾ ಕಾಲದ ನೂರಾರು ಪಿಟೀಲುಗಳ ಅಳತೆಗಳನ್ನು ಪರಿಶೀಲಿಸಿದರು. 10ನೇ ಶತಮಾನದ ಹಳೆಯ ತಂತಿವಾದ್ಯಗಳಲ್ಲಿ ಈ ಗಂಡಿ ಬರೀ ದುಂಡಗಿತ್ತು. ಶತಮಾನಗಳು ಕಳೆದಂತೆ ಅದು ಅರ್ಧಚಂದ್ರವಾಗಿ, ‘ಸಿ’ ಆಕಾರವಾಗಿ, ಕೊನೆಗೆ ‘ಎಫ್’ ಆಗಿ ಬೆಳೆಯಿತು. ಕಾರಣವೇನು? ಗಂಡಿಯ ಮೂಲಕ ಒಳಹೊರಗೆ ಆಡುವ ಗಾಳಿ ನಡುಭಾಗಕ್ಕಿಂತ ಅಂಚಿನ ಬಳಿ ಹೆಚ್ಚು ಬಿರುಸಾಗಿ ಹರಿಯುತ್ತದೆ. ಆದ್ದರಿಂದ ಅದೇ ವಿಸ್ತೀರ್ಣದಲ್ಲಿ ಅಂಚು ಉದ್ದವಾದಷ್ಟೂ ನಾದ ಗಟ್ಟಿಯಾಗುತ್ತದೆ. ಕ್ರೆಮೋನಾದಲ್ಲಿ ರಂಧ್ರ ಕ್ರಮೇಣ ಉದ್ದವಾದುದನ್ನು ವಿವರಿಸಲು ನಕಲು ಮಾಡುವಾಗ ಸಹಜವಾಗಿ ಆಗುವ ಸಣ್ಣ ಸಣ್ಣ ಏರುಪೇರುಗಳೇ ಸಾಕು ಎಂದು ಆ ಲೆಕ್ಕ ತೋರಿಸಿತು. ಚೆನ್ನಾಗಿ ನುಡಿದ ವಾದ್ಯವನ್ನು ಮುಂದಿನವರು ಮಾದರಿಯಾಗಿ ಇಟ್ಟುಕೊಂಡರು. ಅಷ್ಟೇ.

ಹಾಗಾದರೆ ಏರುಪೇರೇ ಇಲ್ಲದೆ ನಕಲು ಮಾಡುವ ಯಂತ್ರ ಬಂದಾಗ ಏನಾಯಿತು?

ಅದು ಹುಟ್ಟಿದ್ದು ಮರಗೆಲಸಕ್ಕಾಗಿ ಅಲ್ಲ. 1940ರ ದಶಕದಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಜಾನ್ ಪಾರ್ಸನ್ಸ್ ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದ. ರೆಕ್ಕೆಯ ಬಾಗನ್ನು ಕಣ್ಣಳತೆಗೆ ಬಿಡದೆ, ಗಣಕಯಂತ್ರದಿಂದ ಬಿಂದು ಬಿಂದುವಿನ ಸ್ಥಾನ ಪಡೆದು ಕೊರೆಯುವುದು ಆತನ ಯೋಚನೆ. ವಾಯುಪಡೆ ಹಣ ಕೊಟ್ಟಿತು. 1952ರಲ್ಲಿ ಅದೇ ಮೆಸಾಚುಸೆಟ್ಸ್ ಸಂಸ್ಥೆಯಲ್ಲಿ, ರಂಧ್ರ ಹಾಕಿದ ಕಾಗದದ ಪಟ್ಟಿಯಿಂದ ಆಜ್ಞೆ ಪಡೆದು ಲೋಹ ಕೊರೆಯುವ ಯಂತ್ರದ ಪ್ರದರ್ಶನ ನಡೆಯಿತು. 1959ರಲ್ಲಿ ‘ಎಪಿಟಿ’ ಎಂಬ ಯಂತ್ರಭಾಷೆಯನ್ನು ಪತ್ರಕರ್ತರ ಮುಂದಿಟ್ಟಾಗ ಅವರಿಗೆ ನೆನಪಿನ ಕಾಣಿಕೆಯಾಗಿ ಕೊಟ್ಟದ್ದು, ಅದರಿಂದಲೇ ಕೊರೆದ ಅಲ್ಯೂಮಿನಿಯಂ ಆಶ್‌ಟ್ರೇ!

ಆ ಹೊತ್ತಿಗೆ ಇನ್ನೊಂದು ದಾರಿಯೂ ಇತ್ತು. ನುರಿತ ಕೆಲಸಗಾರನೊಬ್ಬ ಯಂತ್ರವನ್ನು ಕೈಯಿಂದ ನಡೆಸುವಾಗ ಅದರ ಚಲನೆಯನ್ನು ಟೇಪಿನಲ್ಲಿ ದಾಖಲಿಸಿಕೊಂಡು, ಮುಂದೆ ಯಂತ್ರದಿಂದ ಹಾಗೆಯೇ ಮಾಡಿಸುವ ಪದ್ಧತಿ ಅದು. ಅದು ಹಿಂದೆ ಬಿತ್ತು. ಕಷ್ಟದ ಆಕಾರಗಳಿಗೆ ಲೆಕ್ಕದ ದಾರಿಯೇ ತಕ್ಕದ್ದೆಂಬುದು ಒಂದು ಕಾರಣ. ಕೆಲಸದ ಹಿಡಿತವನ್ನು ಕಾರ್ಮಿಕನ ಕೈಯಿಂದ ಕಚೇರಿಗೆ ತರುವ ಆಸೆಯೂ ಇದರಲ್ಲಿತ್ತೆಂದು ಇತಿಹಾಸಕಾರ ಡೇವಿಡ್ ನೋಬಲ್ 1984ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲವೆಂದು ನನಗೆ ತೋರುತ್ತದೆ.

ಈಗ ಮರ ಕೊರೆಯುವ ಸಿ.ಎನ್.ಸಿ. ಯಂತ್ರದ ತಂತ್ರಾಂಶದಲ್ಲಿ ಎಫ್-ರಂಧ್ರ ಬರೆಯುವವರು ಒಂದನ್ನೇ ಬರೆಯುತ್ತಾರೆ. ನಡುಗೆರೆಯನ್ನು ಶೂನ್ಯವೆಂದಿಟ್ಟುಕೊಂಡರೆ, ಪ್ರತಿ ಬಿಂದುವಿನ ಅಡ್ಡ ಅಳತೆಯ ಮುಂದಿನ ಚಿಹ್ನೆಯನ್ನು ಬದಲಾಯಿಸಿದರೆ ಸಾಕು, ಇನ್ನೊಂದು ಸಿದ್ಧ. ಕೂಡುವ ಚಿಹ್ನೆ ಕಳೆಯುವ ಚಿಹ್ನೆಯಾಯಿತು, ಪಡಿಯಚ್ಚು ಮಗುಚಿತು. ಒಂದೇ ಆಕಾರದ ಅರ್ಧವನ್ನು ಬರೆದು ಮಗುಚುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಎರಡು ಅರ್ಧಗಳು ನಡುಗೆರೆಯಲ್ಲಿ ನಿಜವಾಗಿ ಕೂಡಿರಬೇಕು. ಕಣ್ಣಿಗೆ ಕಾಣದ ಬಿರುಕು ಉಳಿದರೂ ತಂತ್ರಾಂಶ ಅದನ್ನು ಮುಚ್ಚಿದ ಆಕಾರವೆಂದು ಒಪ್ಪದಿರಬಹುದು.

ಇಲ್ಲಿಯವರೆಗೆ ಎಲ್ಲ ಸರಳ. ತೊಡಕು ಇರುವುದು ಮರದಲ್ಲಿ. ಯಂತ್ರದ ಕೊರೆಯುವ ಬಿಟ್ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ಒಂದೇ ದಿಕ್ಕಿಗೆ ತಿರುಗುತ್ತದೆ. ಚಿತ್ರವನ್ನು ಮಗುಚಬಹುದು, ಈ ತಿರುಗನ್ನು ಮಗುಚಲಾಗದು. ಬಿಟ್ ಸಾಗುವ ದಾರಿಯನ್ನೇ ಮಗುಚಿಬಿಟ್ಟರೆ, ಒಂದು ರಂಧ್ರದಲ್ಲಿ ಅದರ ಹಲ್ಲುಗಳು ಸಾಗುವ ದಿಕ್ಕಿನ ಜೊತೆಗೆ, ಇನ್ನೊಂದರಲ್ಲಿ ಅದಕ್ಕೆ ಎದುರಾಗಿ ಕಡಿಯುತ್ತವೆ. ಪಿಟೀಲಿನ ಮೇಲ್ಹಲಗೆಯ ಸ್ಪ್ರೂಸ್ ಮೃದುವಾದ ಮರ. ಅದರ ನಾರು ಉದ್ದಕ್ಕೂ ಓಡುತ್ತದೆ. ಆದ್ದರಿಂದ ಒಂದು ಅಂಚು ನಯವಾಗಿ, ಇನ್ನೊಂದು ಸಿಬಿರೆದ್ದು ಬರುವ ಸಾಧ್ಯತೆಯುಂಟು. ಬಲ್ಲವರು ಮೊದಲು ಚಿತ್ರವನ್ನು ಮಗುಚುತ್ತಾರೆ. ಆಮೇಲೆ ಎರಡೂ ರಂಧ್ರಗಳಿಗೆ ಬಿಟ್ಟಿನ ದಾರಿಯನ್ನು ಹೊಸದಾಗಿ ಲೆಕ್ಕ ಹಾಕಿಸುತ್ತಾರೆ. ಹಾಗೆ ಮಾಡಿದಾಗಲೂ ನಾರನ್ನು ಅಡ್ಡ ಕಡಿಯುವ ಕಡೆ ಕಣ್ಣಿಡಲೇಬೇಕು.

ಮೂಲೆಗಳದ್ದು ಬೇರೆಯೇ ಕಥೆ. 3 ಮಿಲಿಮೀಟರ್ ಬಿಟ್ ಒಳಮೂಲೆಯಲ್ಲಿ 1.5 ಮಿಲಿಮೀಟರ್ ತ್ರಿಜ್ಯದ ದುಂಡನ್ನು ಬಿಟ್ಟೇ ಹೋಗುತ್ತದೆ. ಎಫ್-ರಂಧ್ರದ ನಡುವೆ ಕುದುರೆಯ ಸ್ಥಾನ ತೋರಿಸುವ ಚಿಕ್ಕ ಚೂಪು ಕಚ್ಚುಗಳಿವೆಯಲ್ಲ, ಅಲ್ಲಿಗೆ ಅದು ಇಳಿಯುವುದೇ ಇಲ್ಲ.

ಹೀಗಾಗಿ ಯಂತ್ರ ಇಟ್ಟುಕೊಂಡ ಪಿಟೀಲು ತಯಾರಕರಲ್ಲಿ ಅನೇಕರು ರಂಧ್ರವನ್ನು ಗೆರೆಗಿಂತ ತುಸು ಕಿರಿದಾಗಿ ಕೊರೆಸಿ ನಿಲ್ಲಿಸುತ್ತಾರೆ. ಉಳಿದ ತೆಳ್ಳನೆಯ ಅಂಚನ್ನು ಮೊದಲು ಒಂದು ಬದಿ, ಆಮೇಲೆ ಇನ್ನೊಂದು ಬದಿ, ಚೂರಿಯಿಂದಲೇ ತೆಗೆಯುತ್ತಾರೆ.