ವುಕೋವಾರಿನ ಎಡಗಾಲಿನ ಹುಡುಗ

2023ರ ಜೂನ್‌ನಲ್ಲಿ ನಮ್ಮ ಬೆಂಗಳೂರಿನ ಕಂಠೀರವ ಸ್ಟೇಡಿಯಮ್ಮಿನಲ್ಲಿ ಸ್ಯಾಫ್ ಕಪ್ ನಡೆಯಿತಲ್ಲ, ಆಗ ಭಾರತ ತಂಡದ ಕೋಚ್ ಎರಡು ಸಲ ರೆಡ್ ಕಾರ್ಡ್ ತಿಂದದ್ದು ನೆನಪಿದೆಯಾ? ಮೊದಲನೆಯದು ಪಾಕಿಸ್ತಾನದ ವಿರುದ್ಧ. ಥ್ರೋ ಮಾಡಲು ನಿಂತಿದ್ದ ಪಾಕ್ ಆಟಗಾರನ ಕೈಯಿಂದ ಚೆಂಡನ್ನು ಹಿಂದಿನಿಂದ ಬಂದು ತಟ್ಟಿ ಬೀಳಿಸಿಬಿಟ್ಟ ಪುಣ್ಯಾತ್ಮ! ಎರಡನೆಯದು ಕುವೈತ್ ವಿರುದ್ಧ. ಕೊನೆಗೆ ಸೆಮಿಫೈನಲ್ಲು, ಫೈನಲ್ಲು ಎರಡರಲ್ಲೂ ಸಹಾಯಕ ಕೋಚ್ ಮಹೇಶ್ ಗಾವಳಿ ತಂಡ ನೋಡಿಕೊಳ್ಳಬೇಕಾಯಿತು. ಆ ಕೋಚ್ ಹೆಸರು ಇಗೋರ್ ಸ್ಟಿಮಾಚ್. ಕ್ರೊಯೇಷಿಯಾದವನು, ಒಂದು ಕಾಲದ ಒಳ್ಳೆಯ ಡಿಫೆಂಡರ್.

ಆದರೆ ನಾನು ಇವತ್ತು ಬರೆಯಹೊರಟಿರುವುದು ಸ್ಟಿಮಾಚ್ ಬಗ್ಗೆ ಅಲ್ಲ. ಅದಕ್ಕೂ 32 ವರ್ಷ ಮೊದಲು, ಇನ್ನೊಂದು ಮೈದಾನದಲ್ಲಿ, ಇದೇ ಸ್ಟಿಮಾಚ್ ಜೊತೆ ಜಗಳವಾಡಿ ಅವನೊಂದಿಗೇ ರೆಡ್ ಕಾರ್ಡ್ ತಿಂದು ಹೊರಹೋದ ಇನ್ನೊಬ್ಬ ಡಿಫೆಂಡರ್ ಬಗ್ಗೆ. ಹೆಸರು ಸಿನಿಶಾ ಮಿಹೈಲೊವಿಚ್. ಫುಟ್‌ಬಾಲ್ ನೋಡುವವರಿಗೆ ಈತ ಫ್ರೀಕಿಕ್ ಮಾಂತ್ರಿಕ. ಇಟಲಿಯ ಸೀರಿ ಎ ಲೀಗಿನಲ್ಲಿ ಬರೀ ಫ್ರೀಕಿಕ್‌ನಿಂದಲೇ 28 ಗೋಲು ಹೊಡೆದವನು. ಆದರೆ ಈತ ದೇಶಕ್ಕಾಗಿ ಆಡಿದ ಕಥೆಯೇ ಬೇರೆ. ಅದನ್ನು ಹೇಳಬೇಕೆಂದರೆ 'ಯಾವ ದೇಶಕ್ಕಾಗಿ?' ಅನ್ನೋ ಪ್ರಶ್ನೆಯಿಂದಲೇ ಶುರುಮಾಡಬೇಕು.

ಮಿಹೈಲೊವಿಚ್ ಹುಟ್ಟಿದ್ದು 1969ರ ಫೆಬ್ರವರಿ 20ರಂದು, ವುಕೋವಾರ್ ಎಂಬ ಊರಿನಲ್ಲಿ. ಡ್ಯಾನ್ಯೂಬ್ ನದಿಯ ದಂಡೆಯ ಊರು. ಈಗ ಅದು ಕ್ರೊಯೇಷಿಯಾದಲ್ಲಿದೆ, ನದಿ ದಾಟಿದರೆ ಸರ್ಬಿಯಾ. ಆಗ ಎರಡೂ ಯುಗೋಸ್ಲಾವಿಯಾ ಎಂಬ ಒಂದೇ ದೇಶದ ಭಾಗ. ಅಪ್ಪ ಸರ್ಬ್, ಲಾರಿ ಡ್ರೈವರ್. ಅಮ್ಮ ಕ್ರೋಟ್, ಪಕ್ಕದ ಬೊರೊವೊದಲ್ಲಿದ್ದ ಶೂ ಕಾರ್ಖಾನೆಯಲ್ಲಿ ಕೆಲಸ. ಆ ಕಾರ್ಖಾನೆಯನ್ನು 1931ರಲ್ಲಿ ಕಟ್ಟಿದ್ದು ಯಾರು ಗೊತ್ತಾ? ನಮ್ಮ ಸ್ಕೂಲ್ ದಿನಗಳ ಅದೇ ಬಾಟಾ ಕಂಪನಿ! 1991ರ ಜನಗಣತಿ ನೋಡಿದರೆ ವುಕೋವಾರ್ ಸುತ್ತಮುತ್ತ ಕ್ರೋಟರು ಶೇಕಡಾ 44ರಷ್ಟು, ಸರ್ಬರು 37ರಷ್ಟು. ಉಳಿದವರು ಹಂಗೇರಿಯನ್ನರು, ರುಥೇನಿಯನ್ನರು ಇತ್ಯಾದಿ. ಇಂಥ ಊರಿನಲ್ಲಿ ಸರ್ಬ್ ಅಪ್ಪ, ಕ್ರೋಟ್ ಅಮ್ಮ ಇರುವುದು ಯಾರೂ ಹುಬ್ಬೇರಿಸುವ ವಿಷಯವೇ ಆಗಿರಲಿಲ್ಲ.

ಬೊರೊವೊ ಕ್ಲಬ್ಬಿನಿಂದ ಶುರುವಾದ ಹುಡುಗ ನೊವಿಸಾದ್‌ನ ವೊಯ್ವೊದಿನಾ ತಂಡ ಸೇರಿ 1989ರಲ್ಲಿ ಯುಗೋಸ್ಲಾವ್ ಲೀಗ್ ಗೆದ್ದ. ಅಲ್ಲಿಂದ ಬೆಲ್‌ಗ್ರೇಡಿನ ರೆಡ್ ಸ್ಟಾರ್‌ಗೆ ಬಂದ.

ಈಗ 1991ರ ವಸಂತಕ್ಕೆ ಬನ್ನಿ. ಈತನ ಬದುಕಿನಲ್ಲಿ ಐದೇ ವಾರಗಳಲ್ಲಿ ಏನೇನು ಆಯಿತು ಅಂತ ದಿನಾಂಕದ ಸಮೇತ ಹೇಳಿದರೆ ಮಾತ್ರ ಅರ್ಥವಾಗುತ್ತೆ.

ಏಪ್ರಿಲ್ 24: ಯುರೋಪಿಯನ್ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯ, ಎದುರಾಳಿ ಬಯರ್ನ್ ಮ್ಯೂನಿಕ್. ಮಿಹೈಲೊವಿಚ್ ಮೊದಲು ಫ್ರೀಕಿಕ್‌ನಿಂದ ಗೋಲು ಹೊಡೆದ. ಕೊನೇ ನಿಮಿಷದಲ್ಲಿ ಈತ ಎಡಗಾಲಿನಿಂದ ಕಳಿಸಿದ ಚೆಂಡು ಜರ್ಮನ್ ಡಿಫೆಂಡರ್ ಔಗೆಂಥಾಲರ್ ಕಾಲಿಗೆ ತಗುಲಿ, ಗೋಲ್‌ಕೀಪರ್ ತಲೆ ಮೇಲಿಂದ ಬಲೆಗೆ ಬಿತ್ತು. ರೆಡ್ ಸ್ಟಾರ್ ಫೈನಲ್‌ಗೆ!

ಮೇ 2: ಈತ ಬೆಳೆದ ಜಾಗದ ಪಕ್ಕದ ಬೊರೊವೊ ಸೆಲೊ ಹಳ್ಳಿಯಲ್ಲಿ ಸರ್ಬ್ ಬಂದೂಕುಧಾರಿಗಳಿಗೂ ಕ್ರೊಯೇಷಿಯಾ ಪೊಲೀಸರಿಗೂ ಗುಂಡಿನ ಕಾಳಗ. 12 ಪೊಲೀಸರು ಸತ್ತರು. ಯುದ್ಧ ಇನ್ನು ತಪ್ಪಿದ್ದಲ್ಲ ಅಂತ ಎಲ್ಲರಿಗೂ ಗೊತ್ತಾದದ್ದು ಅವತ್ತು.

ಮೇ 8: ಬೆಲ್‌ಗ್ರೇಡಿನಲ್ಲಿ ಯುಗೋಸ್ಲಾವ್ ಕಪ್ ಫೈನಲ್. ಒಂದು ಕಡೆ ರೆಡ್ ಸ್ಟಾರ್, ಇನ್ನೊಂದು ಕಡೆ ಕ್ರೊಯೇಷಿಯಾದ ಹೈದುಕ್ ಸ್ಪ್ಲಿಟ್. ಹೈದುಕ್ ತಂಡದ ಡಿಫೆನ್ಸಿನಲ್ಲಿ ಸ್ಟಿಮಾಚ್. ಬೊರೊವೊದಲ್ಲಿರುವ ನಿನ್ನ ಮನೆಯವರನ್ನು ನಮ್ಮವರು ಕೊಲ್ಲಲಿ ಅಂತ ಸ್ಟಿಮಾಚ್ ತನಗೆ ಹೇಳಿದ ಎಂದು ಮಿಹೈಲೊವಿಚ್ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಆ ಹೊತ್ತಿಗೆ ಅಪ್ಪ ಅಮ್ಮ ಹೇಗಿದ್ದಾರೋ ಅನ್ನೋ ಚಿಂತೆಯಲ್ಲೇ ಇದ್ದವನಿಗೆ ರಕ್ತ ಕುದಿಯಿತು. ಇಬ್ಬರೂ ಹೊರಕ್ಕೆ. ಹೈದುಕ್ 1-0 ಗೆದ್ದಿತು. ಎಲ್ಲ ಗಣರಾಜ್ಯಗಳ ತಂಡಗಳೂ ಇದ್ದ ಆ ದೇಶದ ಕೊನೆಯ ಕಪ್ ಫೈನಲ್ ಅದು.

ಮೇ 16: ಫರೋ ದ್ವೀಪಗಳ ವಿರುದ್ಧ ಯುಗೋಸ್ಲಾವಿಯಾ ಪರವಾಗಿ ಈತನ ಮೊದಲ ಅಂತರರಾಷ್ಟ್ರೀಯ ಪಂದ್ಯ. 7-0 ಗೆಲುವು.

ಮೇ 29: ಇಟಲಿಯ ಬಾರಿಯಲ್ಲಿ ಯುರೋಪಿಯನ್ ಕಪ್ ಫೈನಲ್, ಎದುರಾಳಿ ಮಾರ್ಸೇ. 0-0 ಆಗಿ ಪೆನಾಲ್ಟಿಗೆ ಹೋಯಿತು. ನಾಲ್ಕನೇ ಪೆನಾಲ್ಟಿ ಮಿಹೈಲೊವಿಚ್‌ನದು. ಹೊಡೆದ. ರೆಡ್ ಸ್ಟಾರ್ ಯುರೋಪಿನ ಚಾಂಪಿಯನ್. ಆ ತಂಡದಲ್ಲಿ ಸರ್ಬರಿದ್ದರು, ಮಾಂಟೆನೆಗ್ರೊದ ಸವಿಚೆವಿಚ್ ಇದ್ದ, ಮ್ಯಾಸಿಡೋನಿಯಾದ ಪಾಂಚೆವ್ ಇದ್ದ, ಕ್ರೋಟ್ ಅಪ್ಪ ಸರ್ಬ್ ಅಮ್ಮನ ಮಗ ಪ್ರೊಸಿನೆಚ್ಕಿ ಇದ್ದ. ಇಡೀ ಯುಗೋಸ್ಲಾವಿಯಾ ಒಂದೇ ಜರ್ಸಿಯಲ್ಲಿತ್ತು.

ಸರಿಯಾಗಿ 27 ದಿನಗಳ ನಂತರ, ಜೂನ್ 25ರಂದು, ಕ್ರೊಯೇಷಿಯಾ ಮತ್ತು ಸ್ಲೊವೇನಿಯಾ ಸ್ವಾತಂತ್ರ್ಯ ಘೋಷಿಸಿಕೊಂಡವು. ಹುಡುಗ ಮೊದಲ ಸಲ ದೇಶದ ಅಂಗಿ ತೊಟ್ಟು ಆರು ವಾರವೂ ಆಗಿರಲಿಲ್ಲ, ಆ ದೇಶ ಹರಿಯತೊಡಗಿತ್ತು.

ಆಮೇಲೆ ಆದದ್ದು ಇತಿಹಾಸದ ಪುಸ್ತಕಗಳಲ್ಲಿದೆ. ಆಗಸ್ಟ್ 25ರಿಂದ ನವೆಂಬರ್ 18ರವರೆಗೆ ಯುಗೋಸ್ಲಾವ್ ಸೈನ್ಯ ಮತ್ತು ಸರ್ಬ್ ಪಡೆಗಳು ವುಕೋವಾರಿಗೆ ಮುತ್ತಿಗೆ ಹಾಕಿ ಊರನ್ನು ಪುಡಿಪುಡಿ ಮಾಡಿದವು. ಊರು ಬಿದ್ದ ಮೇಲೆ ಆಸ್ಪತ್ರೆಯಿಂದ ಎಳೆದೊಯ್ದ 200ಕ್ಕೂ ಹೆಚ್ಚು ಕ್ರೋಟರನ್ನು ಓವ್ಚಾರಾ ಎಂಬ ಜಾಗದಲ್ಲಿ ಕೊಂದು ಹೂತರು. ಇದನ್ನು ಮರೆತು ಮುಂದಿನದನ್ನು ಓದಬಾರದು.

ಮಿಹೈಲೊವಿಚ್ ಮನೆಯಲ್ಲೇ ಯುದ್ಧ ಹೊಕ್ಕಿತ್ತು. ಈತನೇ ಸಂದರ್ಶನಗಳಲ್ಲಿ ಹೇಳಿದ್ದನ್ನು ಇಲ್ಲಿ ಹೇಳುತ್ತೇನೆ. ಅಪ್ಪ ಅಮ್ಮ ಊರು ಬಿಟ್ಟು ಓಡಿದರು. ಮನೆಯನ್ನು ಹಾಳುಮಾಡಿದವನು ಬೇರೆ ಯಾರೂ ಅಲ್ಲ, ಈತನ ಬಾಲ್ಯದ ಜೀವದ ಗೆಳೆಯ, ಕ್ರೋಟ್. ಅವನೇ ಮೊದಲು ಬಂದು ಬೇಗ ಹೊರಡಿ ಅಂತ ಹೆದರಿಸಿ ಅವರನ್ನು ಉಳಿಸಿದವನು ಕೂಡ! ಇನ್ನು ಸೋದರಮಾವ, ಅಂದರೆ ಅಮ್ಮನ ಸ್ವಂತ ಅಣ್ಣ, ಕ್ರೋಟರ ಕಡೆ ಹೋರಾಡುತ್ತಿದ್ದ. ನಿನ್ನ ಗಂಡನನ್ನು ಇಲ್ಲೇ ಬಿಟ್ಟು ಹೋಗಿದ್ದರೆ ನಾವೇ ಮುಗಿಸುತ್ತಿದ್ದೆವು ಅಂತ ತಂಗಿಗೆ ಫೋನಿನಲ್ಲಿ ಹೇಳಿದನಂತೆ. ಕೆಲವು ದಿನಗಳಲ್ಲಿ ಅದೇ ಮಾವ ಸರ್ಬ್ ಪಡೆಯ ಕೈಗೆ ಸಿಕ್ಕಿಬಿದ್ದ. ಆತನ ಬಳಿ ಮಿಹೈಲೊವಿಚ್‌ನ ಫೋನ್ ನಂಬರ್ ಇತ್ತು. ಹಿಡಿದವರ ನಾಯಕ ಫೋನ್ ಮಾಡಿ, ಇವನು ನಿನ್ನ ಮಾವ ಅಂತಾನೆ, ಹೌದಾ? ಎಂದು ಕೇಳಿದ. ಮಿಹೈಲೊವಿಚ್ ಮಾವನ ಜೀವ ಉಳಿಸಿದ.

ಹಾಗೆ ಫೋನ್ ಮಾಡಿದವನು ಅರ್ಕಾನ್.

ಈ ಹೆಸರು ಗೊತ್ತಿಲ್ಲದವರಿಗೆ: ಅರ್ಕಾನ್ ರೆಡ್ ಸ್ಟಾರ್ ಕ್ಲಬ್ಬಿನ ಉಗ್ರ ಅಭಿಮಾನಿಗಳ ಮುಖಂಡ, ಮೊದಲೇ ಹೆಸರಾಂತ ಕ್ರಿಮಿನಲ್. ಆ ಅಭಿಮಾನಿಗಳಿಂದಲೇ 'ಟೈಗರ್ಸ್' ಅನ್ನೋ ಖಾಸಗಿ ಪಡೆ ಕಟ್ಟಿ ಕ್ರೊಯೇಷಿಯಾ, ಬಾಸ್ನಿಯಾಗಳಲ್ಲಿ ರಕ್ತ ಹರಿಸಿದ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಮಂಡಳಿ ಅವನ ಮೇಲೆ ಯುದ್ಧಾಪರಾಧಗಳ ಆರೋಪ ಹೊರಿಸಿತ್ತು. 2000ದ ಜನವರಿಯಲ್ಲಿ ಬೆಲ್‌ಗ್ರೇಡಿನ ಹೋಟೆಲೊಂದರಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಮಿಹೈಲೊವಿಚ್ ಪತ್ರಿಕೆಯಲ್ಲಿ ಅವನಿಗೆ ಶ್ರದ್ಧಾಂಜಲಿ ಪ್ರಕಟಿಸಿದ. ಆಗ ಈತ ಆಡುತ್ತಿದ್ದ ಲಾಟ್ಸಿಯೊ ಕ್ಲಬ್ಬಿನ ಕೆಲವು ಅಭಿಮಾನಿಗಳು ಅರ್ಕಾನ್‌ಗೆ ಗೌರವ ಅಂತ ಬ್ಯಾನರ್ ಹಿಡಿದರು. ಇಟಲಿಯಲ್ಲಿ ದೊಡ್ಡ ಗಲಾಟೆ. ಅವನು ನನ್ನ ಗೆಳೆಯ, ಗೆಳೆಯರನ್ನು ನಾನು ಕೈಬಿಡಲ್ಲ, ಅವನ ಅಪರಾಧಗಳನ್ನು ಸಮರ್ಥಿಸಿಕೊಳ್ಳುತ್ತಿಲ್ಲ ಎನ್ನುವುದು ಮಿಹೈಲೊವಿಚ್‌ನ ಕೊನೆಯವರೆಗಿನ ವಾದ.

ನನಗೆ ಈ ವಾದ ಒಪ್ಪಿಗೆಯಿಲ್ಲ. ಅರ್ಕಾನ್‌ಗೆ ಒಂದು ಫೋನ್ ಮಾಡಿ ಮಾವನನ್ನು ಬಿಡಿಸಿಕೊಳ್ಳಬಲ್ಲ ಸೋದರಳಿಯ ಎಷ್ಟು ಕ್ರೋಟರಿಗಿದ್ದ? ಓವ್ಚಾರಾದಲ್ಲಿ ಹೂತವರ ಜೇಬಿನಲ್ಲಿ ಫುಟ್‌ಬಾಲ್ ಸ್ಟಾರ್‌ನ ನಂಬರ್ ಇರಲಿಲ್ಲ, ಅಷ್ಟೇ. ಆದರೆ ಮಾವನ ಕುತ್ತಿಗೆಗೆ ಕತ್ತಿ ಇಟ್ಟಿರುವ ಹೊತ್ತಿನಲ್ಲಿ ಬಂದ ಆ ಫೋನನ್ನು ಎತ್ತಿದವನ ಜಾಗದಲ್ಲಿ ನಿಂತು ನೋಡದೆ ತೀರ್ಪು ಕೊಡುವುದೂ ಸುಲಭದ ಕೆಲಸ. ಎರಡೂ ನಿಜ.

ಸರಿ, ಆಟಕ್ಕೆ ಮರಳೋಣ. 1992ರ ಯುರೋ ಕಪ್‌ಗೆ ಯುಗೋಸ್ಲಾವಿಯಾ ಅರ್ಹತೆ ಪಡೆದಿತ್ತು. ತಂಡ ಸ್ವೀಡನ್ ತಲುಪಿಯೂ ಆಗಿತ್ತು. ಮೇ 30ರಂದು ವಿಶ್ವಸಂಸ್ಥೆ ನಿರ್ಬಂಧ ಹೇರಿತು, ಆಟಗಾರರು ಗಂಟುಮೂಟೆ ಕಟ್ಟಿ ವಾಪಸ್. ಅವರ ಜಾಗಕ್ಕೆ ಕೊನೇ ಗಳಿಗೆಯಲ್ಲಿ ಕರೆಸಿಕೊಂಡ ಡೆನ್ಮಾರ್ಕ್ ಕಪ್ಪನ್ನೇ ಗೆದ್ದಿತು! ಆ ಡೆನ್ಮಾರ್ಕ್ ಕಥೆ ಎಲ್ಲರಿಗೂ ಗೊತ್ತು, ಮನೆಗೆ ಹೋದವರ ಕಥೆ ಯಾರಿಗೂ ಬೇಡ. 1994ರ ವಿಶ್ವಕಪ್‌ಗೂ ಪ್ರವೇಶವಿಲ್ಲ. ನಿಷೇಧ ಮುಗಿದು ತಂಡ ಮತ್ತೆ ಆಡಿದ್ದು 1994ರ ಡಿಸೆಂಬರ್‌ನಲ್ಲಿ, ಬ್ರೆಜಿಲ್ ವಿರುದ್ಧ. ಅಂದರೆ 23ರಿಂದ 25ನೇ ವಯಸ್ಸಿನವರೆಗೆ, ಡಿಫೆಂಡರ್ ಒಬ್ಬ ಹದವಾಗುವ ಹೊತ್ತಿನಲ್ಲಿ, ಮಿಹೈಲೊವಿಚ್‌ಗೆ ಆಡಲು ದೇಶದ ತಂಡವೇ ಇರಲಿಲ್ಲ.

1998ರ ವಿಶ್ವಕಪ್ ಫ್ರಾನ್ಸಿನಲ್ಲಿ. ದೇಶದ ಹೆಸರು ಯುಗೋಸ್ಲಾವಿಯಾ ಅಂತಲೇ ಇತ್ತು, ಒಳಗೆ ಉಳಿದದ್ದು ಸರ್ಬಿಯಾ ಮತ್ತು ಮಾಂಟೆನೆಗ್ರೊ ಮಾತ್ರ. ಇರಾನ್ ವಿರುದ್ಧ ಈತನ ಫ್ರೀಕಿಕ್ಕೇ ಪಂದ್ಯದ ಏಕೈಕ ಗೋಲು. ಮುಂದಿನ ಪಂದ್ಯದಲ್ಲಿ, 2-0 ಮುಂದಿದ್ದಾಗ, ಜರ್ಮನಿಯ ಫ್ರೀಕಿಕ್ ಈತನ ಮೈಗೆ ತಾಗಿ ಸ್ವಂತ ಗೋಲು. ಪಂದ್ಯ 2-2. ನಂತರ ನೆದರ್ಲೆಂಡ್ಸ್ ವಿರುದ್ಧ ಕೊನೇ ಗಳಿಗೆಯ ಗೋಲಿನಿಂದ ಸೋಲು. ಅದೇ ವಿಶ್ವಕಪ್‌ನಲ್ಲಿ ಮೊದಲ ಸಲ ಆಡಿದ ಕ್ರೊಯೇಷಿಯಾ ಮೂರನೇ ಸ್ಥಾನ ಗಳಿಸಿತು, ಡಿಫೆನ್ಸಿನಲ್ಲಿ ನಮ್ಮ ಸ್ಟಿಮಾಚ್!

ಚೀಟಿ ಎತ್ತಿದವರ ಕೈಗುಣ ನೋಡಿ, ಯುರೋ 2000ದ ಅರ್ಹತಾ ಸುತ್ತಿನಲ್ಲಿ ಎರಡೂ ದೇಶ ಒಂದೇ ಗುಂಪಿನಲ್ಲಿ. 1999ರ ಮಾರ್ಚ್‌ನಲ್ಲಿ ಬೆಲ್‌ಗ್ರೇಡಿನಲ್ಲಿ ನಡೆಯಬೇಕಿದ್ದ ಪಂದ್ಯ ನೇಟೊ ಬಾಂಬ್ ದಾಳಿಯಿಂದ ಮುಂದಕ್ಕೆ ಹೋಯಿತು. ಆಗಸ್ಟ್‌ನಲ್ಲಿ ನಡೆದಾಗ ಎರಡನೇ ಅರ್ಧದ ಶುರುವಿನಲ್ಲಿ ಸ್ಟೇಡಿಯಮ್ಮಿನ ಕರೆಂಟು ಹೋಯಿತು! ಪಂದ್ಯ 0-0. ಅಕ್ಟೋಬರ್ 9ರಂದು ಜಾಗ್ರೆಬ್‌ನಲ್ಲಿ ಎರಡನೇ ಪಂದ್ಯ. ಗ್ಯಾಲರಿಯಲ್ಲಿ 'ವುಕೋವಾರ್ 91' ಅಂತ ಬ್ಯಾನರ್. ಮಿಹೈಲೊವಿಚ್ ಅದರ ಮುಂದೆ ಮಂಡಿಯೂರಿ ಶಿಲುಬೆಯ ಗುರುತು ಮಾಡಿಕೊಂಡ. ಕ್ರೋಟರಿಗೆ ಅದು ಕೊಂದವರ ಕಡೆಯವನು ಮಾಡಿದ ಅಣಕ. ಈತನಿಗೋ, ಅದು ತಾನು ಹುಟ್ಟಿದ ಊರಿನ ಹೆಸರು. ಒಂದೇ ಬ್ಯಾನರ್, ಒಂದೇ ಊರು, ಓದಿಕೊಂಡದ್ದು ಎರಡು ಥರ. ನನಗೆ ಈತನ ಇಡೀ ಕಥೆ ಆ ಒಂದು ಗಳಿಗೆಯಲ್ಲಿದೆ ಅನ್ನಿಸುತ್ತೆ. ಪಂದ್ಯ 2-2 ಆಗಿ ಯುಗೋಸ್ಲಾವಿಯಾ ಯುರೋಗೆ ಹೋಯಿತು, ಕ್ರೊಯೇಷಿಯಾ ಮನೆಯಲ್ಲುಳಿಯಿತು.

ಹೋಗಿ ಮಾಡಿದ್ದೇನು? ಮೊದಲ ಪಂದ್ಯ ಸ್ಲೊವೇನಿಯಾ ವಿರುದ್ಧ, ಅದೂ ಹಳೇ ಯುಗೋಸ್ಲಾವಿಯಾದ್ದೇ ತುಂಡು. ಈತ ಕೊಟ್ಟ ಕೆಟ್ಟ ಪಾಸು ಎದುರಾಳಿಯ ಮೂರನೇ ಗೋಲಾಯಿತು. ಸ್ವಲ್ಪ ಹೊತ್ತಿನಲ್ಲೇ ರೆಡ್ ಕಾರ್ಡ್. 0-3 ಇದ್ದ ತಂಡ ಈತ ಹೊರಹೋದ ಮೇಲೆ ಹತ್ತೇ ಜನ ಆಡಿ 3-3 ಮಾಡಿತು! ಅದೇ ವರ್ಷ ಅಕ್ಟೋಬರ್‌ನಲ್ಲಿ ಆರ್ಸೆನಲ್‌ನ ಪ್ಯಾಟ್ರಿಕ್ ವಿಯೆರಾನಿಗೆ ಜನಾಂಗೀಯ ಬೈಗುಳ ಬೈದು ನಿಷೇಧಕ್ಕೊಳಗಾದ. ಜನಾಂಗದ ಹೆಸರಲ್ಲಿ ಮನೆ ಕಳಕೊಂಡವನ ಬಾಯಲ್ಲೇ ಆ ಮಾತು. 2003ರಲ್ಲಿ ದೇಶ 'ಸರ್ಬಿಯಾ ಮತ್ತು ಮಾಂಟೆನೆಗ್ರೊ' ಅಂತ ಹೆಸರು ಬದಲಿಸಿಕೊಂಡ ವರ್ಷವೇ ಈತನ ಅಂತರರಾಷ್ಟ್ರೀಯ ಆಟ ಮುಗಿಯಿತು. ಒಟ್ಟು 63 ಪಂದ್ಯ, 10 ಗೋಲು.

2012ರಲ್ಲಿ ಸರ್ಬಿಯಾದ ಕೋಚ್ ಆದ. ಬಂದವನೇ ಆಟಗಾರರೆಲ್ಲ ರಾಷ್ಟ್ರಗೀತೆ ಹಾಡಲೇಬೇಕು ಅಂತ ನಿಯಮ ಮಾಡಿದ. ನೊವಿ ಪಜಾರ್ ಎಂಬ ಊರಿನ ಮುಸ್ಲಿಂ ಹುಡುಗ ಆಡೆಮ್ ಲ್ಯಾಯಿಚ್ ವೈಯಕ್ತಿಕ ಕಾರಣ ಕೊಟ್ಟು ಹಾಡಲಿಲ್ಲ. ತಂಡದಿಂದ ತೆಗೆದುಹಾಕಿದ. ಸರ್ಬ್ ಅಪ್ಪ, ಕ್ರೋಟ್ ಅಮ್ಮನ ಮಗ, ಒಂದು ದೇಶದ ಗೀತೆ ಗಾಳಿಯಲ್ಲಿ ಕರಗಿದ್ದನ್ನು ಕಣ್ಣಾರೆ ಕಂಡವನು, ಇನ್ನೊಬ್ಬನ ತುಟಿ ಅಲುಗುತ್ತಾ ಅಂತ ನೋಡುತ್ತಾ ನಿಂತ. ಬಹುಶಃ ಒಮ್ಮೆ ದೇಶ ಕಳಕೊಂಡವನಿಗೆ ಉಳಿದದ್ದನ್ನು ಗಟ್ಟಿಯಾಗಿ ಹಿಡಿಯುವ ಹಟ ಬರುತ್ತೇನೋ. ಆದರೆ ಆ ಹಟದ ಬೆಲೆ ಕಟ್ಟಬೇಕಾದವನು ಯಾವಾಗಲೂ ಲ್ಯಾಯಿಚ್‌ನಂಥ ಹುಡುಗನೇ.

2013ರ ಮಾರ್ಚ್ 22. ವಿಶ್ವಕಪ್ ಅರ್ಹತಾ ಪಂದ್ಯ, ಮತ್ತೆ ಜಾಗ್ರೆಬ್. ಸರ್ಬಿಯಾದ ಕೋಚ್ ಮಿಹೈಲೊವಿಚ್, ಕ್ರೊಯೇಷಿಯಾದ ಕೋಚ್ ಇಗೋರ್ ಸ್ಟಿಮಾಚ್! ಹೊರಗಿನ ಅಭಿಮಾನಿಗಳಿಗೆ ಪ್ರವೇಶವಿಲ್ಲ. 22 ವರ್ಷಗಳ ದ್ವೇಷದ ನಂತರ ಇಬ್ಬರೂ ಕೈಕುಲುಕಿದರು. ಕ್ರೊಯೇಷಿಯಾ 2-0 ಗೆದ್ದಿತು. ಸೆಪ್ಟೆಂಬರ್‌ನಲ್ಲಿ ಬೆಲ್‌ಗ್ರೇಡಿನಲ್ಲಿ 1-1. ಇಬ್ಬರ ಕೋಚ್ ಕೆಲಸವೂ ಆ ವರ್ಷದಲ್ಲೇ ಮುಗಿಯಿತು.

2019ರಲ್ಲಿ ಬೊಲೊನ್ಯಾ ಕ್ಲಬ್ಬಿನ ಕೋಚ್ ಆಗಿದ್ದಾಗ ಮಿಹೈಲೊವಿಚ್‌ಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. 2022ರ ಡಿಸೆಂಬರ್ 16ರಂದು ರೋಮ್‌ನಲ್ಲಿ ತೀರಿಕೊಂಡ. 53 ವರ್ಷ.

ಈತನನ್ನು ಹೀರೋ ಮಾಡುವವರಿದ್ದಾರೆ, ವಿಲನ್ ಮಾಡುವವರೂ ಇದ್ದಾರೆ. ಎರಡಕ್ಕೂ ಸಾಮಗ್ರಿ ಧಾರಾಳವಾಗಿದೆ. ನನಗೆ ಕಾಡುವುದು ಬೇರೆ. 1991ರ ಏಪ್ರಿಲ್‌ವರೆಗೆ ಸೋದರಮಾವ ಬರೀ ಸೋದರಮಾವನಾಗಿದ್ದ, ಗೆಳೆಯ ಬರೀ ಗೆಳೆಯನಾಗಿದ್ದ. ಕೆಲವೇ ತಿಂಗಳಲ್ಲಿ ಒಬ್ಬ ಕ್ರೋಟ್ ಆದ, ಒಬ್ಬ ಸರ್ಬ್ ಆದ. ಇಷ್ಟು ಬೇಗ ಆಗುತ್ತಾ ಇದು? ಆಗುತ್ತೆ ಅನ್ನುವುದಕ್ಕೆ ವುಕೋವಾರ್ ಸಾಕ್ಷಿ. ನಾವೂ ಹತ್ತು ಭಾಷೆ, ಹತ್ತು ಜಾತಿ, ಹತ್ತು ದೇವರು ಒಂದೇ ಬೀದಿಯಲ್ಲಿರುವ ಊರುಗಳವರು. ಹಾಗಾಗಿ ಇದನ್ನು ದೂರದ ಕಥೆ ಅಂತ ಓದಿ ಮುಚ್ಚಿಡಲು ನನ್ನಿಂದ ಆಗಲಿಲ್ಲ, ಬರೆದೆ.

ನಿಮಗೇನನ್ನಿಸಿತು? ಹೇಳಿ.