ಹವಾಯಿ ಮೇಕೆಯ ಹೊಟ್ಟೆಯಲ್ಲಿ ಸಿಕ್ಕ ಸುಬಾಬುಲ್ ಮದ್ದು

ನಮ್ಮ ಕಡೆ ಬದುವಿನ ಮೇಲೆ ನಾಲ್ಕು ಸುಬಾಬುಲ್ ಗಿಡ ಇಲ್ಲದ ಹೊಲ ಕಮ್ಮಿ. ಕಡಿದಷ್ಟೂ ಚಿಗುರುತ್ತೆ, ಬೇಸಿಗೇಲೂ ಹಸಿರಾಗಿರುತ್ತೆ. ಒಣಗಿದ ಸೊಪ್ಪಿನಲ್ಲಿ ನೂರಕ್ಕೆ 20ರಿಂದ 25 ಭಾಗ ಪ್ರೋಟೀನು. ಪುಣೆ ಹತ್ತಿರದ ಉರುಳಿಕಾಂಚನದ ಬೈಫ್ ಸಂಸ್ಥೆ 1970ರ ದಶಕದಿಂದ ಇದನ್ನ ರೈತರಿಗೆ ಮುಟ್ಟಿಸೋಕೆ ದುಡಿದಿದೆ. ಆದ್ರೂ "ಸುಬಾಬುಲ್ ಜಾಸ್ತಿ ಹಾಕಿದ್ರೆ ದನದ ಕೂದಲು ಉದುರುತ್ತೆ" ಅನ್ನೋ ಮಾತು ನೀವೂ ಕೇಳಿರ್ತೀರಿ. ಮಾತು ಸುಳ್ಳಲ್ಲ, ಆದ್ರೆ ಅರ್ಧ. ಉಳಿದರ್ಧ ಹುಡುಕಿದವರು ಆಸ್ಟ್ರೇಲಿಯಾದ ರೇಮಂಡ್ ಜೋನ್ಸ್ ಅನ್ನೋ ವಿಜ್ಞಾನಿ.

ಜೋನ್ಸ್ ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದಲ್ಲಿ ಹುಲ್ಲುಗಾವಲು ವಿಜ್ಞಾನಿ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಸುಬಾಬುಲ್ ಬೆಳೆಸಿ ದನ ಮೇಯಿಸಿದ್ರೆ ಶುರುವಿನಲ್ಲಿ ಚೆನ್ನಾಗಿ ತೂಕ ಬರ್ತಿತ್ತು. ಅದೇ ಮೇವು ಬಹಳ ದಿನ ನಡೆದರೆ ಬಾಲದ ಕೂದಲು ಉದುರೋದು, ಜೊಲ್ಲು ಸೋರೋದು, ಮೇವು ಬಿಡೋದು, ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಊದಿಕೊಳ್ಳೋದು.

ಸೊಪ್ಪಿನಲ್ಲಿರೋ ವಿಷದ ಹೆಸರು ಮಿಮೋಸಿನ್. ಎಳೆ ಚಿಗುರಿನಲ್ಲಿ ಇದು ಹೆಚ್ಚು. ಕೂದಲು ಉದುರಿಸೋದು ಇದೇ. ಆದ್ರೆ ಮೆಲುಕು ಹಾಕೋ ಪ್ರಾಣಿಯ ಮೊದಲ ಹೊಟ್ಟೆ, ಅಂದ್ರೆ ರೂಮೆನ್‌ನಲ್ಲಿ, ಮಿಮೋಸಿನ್ ಒಡೆದು ಡಿಎಚ್‌ಪಿ ಅನ್ನೋ ಇನ್ನೊಂದು ವಸ್ತು ಆಗುತ್ತೆ. ಈ ಡಿಎಚ್‌ಪಿ ಥೈರಾಯ್ಡ್‌ನ ಕೆಲಸ ಕೆಡಿಸುತ್ತೆ ಅಂತ ಅದೇ ಸಂಸ್ಥೆಯ ಹೆಗಾರ್ಟಿ ಮತ್ತವರ ಜೊತೆಯವರು 1976ರಲ್ಲಿ ತೋರಿಸಿದ್ರು. ಅಂದ್ರೆ ಒಂದು ವಿಷ ಹೋಗಿ ಇನ್ನೊಂದು ವಿಷ ಕೂತ ಹಾಗಾಯ್ತು.

ವಿಷ ಗಿಡದಲ್ಲಿದೆ ಅಂದಮೇಲೆ ವಿಷ ಕಮ್ಮಿ ಇರೋ ತಳಿ ಹುಡುಕೋಣ ಅನ್ನೋದು ಸಹಜವಾದ ಯೋಚನೆ. ಜೋನ್ಸ್ ಕೇಳಿದ ಪ್ರಶ್ನೆ ಬೇರೆ. ಹವಾಯಿ ದ್ವೀಪಗಳಲ್ಲಿ ಇದೇ ಗಿಡ ಕಾಡಿನ ಹಾಗೆ ಬೆಳೆದಿದೆ. ಅಲ್ಲಿನ ದನ, ಮೇಕೆ ಹೊಟ್ಟೆ ತುಂಬ ತಿಂದರೂ ಏನೂ ಆಗ್ತಿಲ್ಲ. ಗಿಡ ಅದೇ, ಪ್ರಾಣಿನೂ ಅದೇ. ಹಾಗಿದ್ರೆ ವ್ಯತ್ಯಾಸ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಲ್ಲೇ ಇರಬೇಕು ಅನ್ನೋ ಅನುಮಾನವನ್ನ 1981ರ ಲೇಖನದಲ್ಲಿ ಅವರು ಮುಂದಿಟ್ಟರು.

ಅನುಮಾನವನ್ನ ಸಾಬೀತು ಮಾಡೋದು ಸುಲಭ ಇರಲಿಲ್ಲ. ರೂಮೆನ್ ಒಳಗಿನ ಈ ಜೀವಿಗಳಿಗೆ ಗಾಳಿ ಆಗಿಬರಲ್ಲ, ಹೊರಗೆ ತೆಗೆದರೆ ಸಾಯ್ತವೆ. ಬೇರೆ ದೇಶದ ಪ್ರಾಣಿಯ ಹೊಟ್ಟೆಯಿಂದ ಏನಾದ್ರೂ ತರೋದಂದ್ರೆ ಜೊತೆಗೆ ರೋಗ ಬರೋ ಭಯ ಬೇರೆ. ಜೋನ್ಸ್ ಮತ್ತು ಮೆಗ್ಯಾರಿಟಿ ಮೊದಲು ಎರಡೂ ದೇಶದ ಮೇಕೆಗಳಿಗೆ ಸುಬಾಬುಲ್ ತಿನ್ನಿಸಿ ಹೋಲಿಸಿದ್ರು. ಆಮೇಲೆ ಜೋನ್ಸ್ ಮತ್ತು ಲೌರಿ ಇಂಡೋನೇಷ್ಯಾದ ಮೇಕೆಯ ರೂಮೆನ್ ರಸವನ್ನ ಆಸ್ಟ್ರೇಲಿಯಾದ ಮೇಕೆಗಳ ಹೊಟ್ಟೆಗೆ ಬಿಟ್ಟು ನೋಡಿದ್ರು. ಡಿಎಚ್‌ಪಿಯನ್ನ ಅರಗಿಸೋ ಶಕ್ತಿ ಅವಕ್ಕೂ ಬಂತು. ಇದು ಪ್ರಕಟವಾಗಿದ್ದು 1984ರಲ್ಲಿ. ಹವಾಯಿ ಮೇಕೆಯ ಬ್ಯಾಕ್ಟೀರಿಯಾವನ್ನ ಆಸ್ಟ್ರೇಲಿಯಾದ ಪ್ರಾಣಿಗಳಿಗೆ ದಾಟಿಸಿದ ವರದಿ ಬಂದಿದ್ದು 1986ರಲ್ಲಿ.

ರೈತರಿಗೆ ಇದರ ಲಾಭ ನೇರವಾಗಿತ್ತು. ಮಂದೆಯ ಅಷ್ಟೂ ದನಕ್ಕೆ ಕುಡಿಸಬೇಕಿಲ್ಲ, ಹತ್ತರಲ್ಲಿ ಒಂದಕ್ಕೆ ಕುಡಿಸಿದ್ರೆ ಒಟ್ಟಿಗೆ ಮೇಯುವಾಗ ಉಳಿದವಕ್ಕೂ ಹರಡುತ್ತೆ ಅನ್ನೋ ಪದ್ಧತಿ ಬಂತು. ಕ್ವೀನ್ಸ್‌ಲ್ಯಾಂಡ್ ಸರ್ಕಾರ ಈ ದ್ರಾವಣ ತಯಾರಿಸಿ ರೈತರಿಗೆ ಮಾರಿತು. 1992ರಲ್ಲಿ ಅಮೆರಿಕದ ಆಲಿಸನ್ ಮತ್ತು ಸಂಗಡಿಗರು ಆ ಬ್ಯಾಕ್ಟೀರಿಯಾಗೆ ಸಿನರ್ಜಿಸ್ಟಿಸ್ ಜೋನ್ಸಿಐ ಅಂತ ಹೆಸರಿಟ್ಟರು. ಜೋನ್ಸ್ ಅವರ ಹೆಸರೇ ಅದರಲ್ಲಿ ಸೇರಿಕೊಂಡಿತು.

ಕಥೆ ಅಲ್ಲಿಗೇ ಮುಗೀಲಿಲ್ಲ ಅನ್ನೋದನ್ನೂ ಹೇಳಲೇಬೇಕು. 2012ರಲ್ಲಿ ಪ್ರಕಟವಾದ ಕ್ವೀನ್ಸ್‌ಲ್ಯಾಂಡ್ ಸಮೀಕ್ಷೆಯಲ್ಲಿ, ದ್ರಾವಣ ಕುಡಿಸಿದ ಮಂದೆಗಳಲ್ಲೂ ಮೂತ್ರದಲ್ಲಿ ಡಿಎಚ್‌ಪಿ ಸಿಕ್ಕಿತು. ದನದ ಯಕೃತ್ತೂ ಈ ವಿಷವನ್ನ ಕಟ್ಟಿಹಾಕಿ ಹೊರಗೆ ಕಳಿಸುತ್ತೆ ಅನ್ನೋ ವಾದ ಆಮೇಲೆ ಬಲವಾಯ್ತು. ಜೋನ್ಸ್ ಕೆಲಸ ಇದರಿಂದ ಚಿಕ್ಕದಾಗಲ್ಲ. ಒಂದೇ ಸೊಪ್ಪು ಒಂದೂರಲ್ಲಿ ಮೇವು, ಇನ್ನೊಂದೂರಲ್ಲಿ ವಿಷ ಯಾಕಾಗುತ್ತೆ ಅಂತ ಹೊಟ್ಟೆಯೊಳಗೆ ಇಣುಕಿ ನೋಡೋಕೆ ಕಲಿಸಿದ್ದು ಅವರೇ.

ನಮಗೆ ಇದರಲ್ಲಿ ಏನಿದೆ? ನಮ್ಮ ದನದ ಹೊಟ್ಟೇಲಿ ಯಾವ ಜೀವಿ ಇದೆ ಅಂತ ಕೊಟ್ಟಿಗೇಲಿ ನಿಂತು ಹೇಳೋಕಾಗಲ್ಲ. ಅದಕ್ಕೇ ಸುಬಾಬುಲ್ ಒಟ್ಟು ಮೇವಿನ ಮೂರರಲ್ಲಿ ಒಂದು ಭಾಗ ದಾಟದಿರಲಿ. ಹೊಸದಾಗಿ ಹಾಕೋರು ಸ್ವಲ್ಪದಿಂದ ಶುರು ಮಾಡಿ ವಾರಗಟ್ಟಲೆ ನಿಧಾನವಾಗಿ ಏರಿಸಿ. ಜೋಳದ ಸಪ್ಪೆನೋ ರಾಗಿ ಹುಲ್ಲೋ ಜೊತೆಗಿರಲಿ. ಕುದುರೆ, ಹಂದಿ, ಕೋಳಿಗೆ ರೂಮೆನ್ ಇಲ್ಲ, ಅವಕ್ಕೆ ಈ ಸೊಪ್ಪು ಹೆಚ್ಚಾದರೆ ತೊಂದರೆ. ಬಾಲದ ಕೂದಲು ಕೈಗೆ ಬಂದ್ರೆ, ಬಾಯಲ್ಲಿ ಜೊಲ್ಲು ಕಂಡ್ರೆ ಸೊಪ್ಪು ನಿಲ್ಲಿಸಿ ಡಾಕ್ಟರನ್ನ ಕರೆಸಿ. ಅದಕ್ಕಂತ ಬದುವಿನ ಗಿಡಾನೇ ಕಡಿದು ಬಿಸಾಡೋದು ಬೇಡ. ಅಳತೆ ತಪ್ಪದಿದ್ರೆ ಅಷ್ಟು ಪ್ರೋಟೀನು ನಮ್ಮ ಹೊಲದಲ್ಲೇ ಬಿಟ್ಟಿ ಸಿಗುತ್ತೆ.